ತಾಮ್ರದ ಒಂಟಿ ಎಲೆಕ್ಟ್ರಾನು: ಕಾಂತಗುಣದ ಸಾಕ್ಷ್ಯ, ಕ್ರಿಯಾವರ್ಧನೆಯ ವಾದ



ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಸಿಂಪಡಿಸುವ ಮೈಲುತುತ್ತ ನಮಗೆಲ್ಲ ಗೊತ್ತಿರುವ ವಸ್ತು. ಅದರ ನೀಲಿ ಹರಳಿನ ಒಳರಚನೆಯನ್ನು ಬೀವರ್ಸ್ ಮತ್ತು ಲಿಪ್ಸನ್ 1934ರಲ್ಲಿ ಎಕ್ಸ್-ಕಿರಣಗಳಿಂದ ಬಿಡಿಸಿ ತೋರಿಸಿದರು. ಪ್ರತಿ ತಾಮ್ರದ ಅಯಾನಿನ ಸುತ್ತ ಒಂದೇ ಸಮತಲದಲ್ಲಿ ನಾಲ್ಕು ನೀರಿನ ಅಣುಗಳಿವೆ. ಮೇಲೊಂದು ಕೆಳಗೊಂದು ಸಲ್ಫೇಟಿನ ಆಕ್ಸಿಜನ್ ಇದೆ. ಆ ಸಲ್ಫೇಟು ತನ್ನ ಇನ್ನೊಂದು ಆಕ್ಸಿಜನ್ನಿನಿಂದ ಮುಂದಿನ ತಾಮ್ರವನ್ನು ಹಿಡಿದಿರುತ್ತದೆ. ಹೀಗೆ ತಾಮ್ರ, ಸಲ್ಫೇಟು, ಮತ್ತೆ ತಾಮ್ರ ಎಂದು ಹರಳಿನ ಉದ್ದಕ್ಕೂ ಸರಪಳಿ ಸಾಗುತ್ತದೆ. ಐದನೆಯ ನೀರು ತಾಮ್ರವನ್ನು ಮುಟ್ಟದೆ ಹೈಡ್ರೋಜನ್ ಬಂಧದ ಆಸರೆಯಲ್ಲಿ ಪಕ್ಕದಲ್ಲಿರುತ್ತದೆ. ಲೋಹದ ಅಯಾನುಗಳನ್ನು ಲಿಗಾಂಡುಗಳು, ಅಂದರೆ ಲೋಹವನ್ನು ಹಿಡಿಯುವ ಅಣು ಅಥವಾ ಅಯಾನುಗಳು, ಹೀಗೆ ಕೊನೆಯಿಲ್ಲದಂತೆ ಹೆಣೆದುಕೊಂಡು ಹೋಗುವ ಘನವಸ್ತುವಿಗೆ ಕೋಆರ್ಡಿನೇಷನ್ ಪಾಲಿಮರ್ ಎಂದು ಹೆಸರು. ಆ ಲೆಕ್ಕದಲ್ಲಿ ಮೈಲುತುತ್ತವೂ ಒಂದು ಕೋಆರ್ಡಿನೇಷನ್ ಪಾಲಿಮರೇ. ಆದರೆ ಅದನ್ನು ನೀರಿಗೆ ಹಾಕಿ ಕದಡಿದ ಮೇಲೆ ಸರಪಳಿ ಉಳಿಯುವುದಿಲ್ಲ. ರೋಗಾಣುವನ್ನು ಕೊಲ್ಲುವುದು ತಾಮ್ರದ ಅಯಾನು, ಸರಪಳಿಗೆ ಅದರಲ್ಲಿ ಪಾತ್ರವಿಲ್ಲ. ಹರಳಿನಲ್ಲಿ ಕಾಣುವ ರಚನೆ ಒಂದು, ಕೆಲಸ ಮಾಡುವ ರೂಪ ಇನ್ನೊಂದು ಎಂಬ ಈ ಸರಳ ಸಂಗತಿ ಇಂದಿನ ಸಂಶೋಧನಾ ಪ್ರಬಂಧಗಳಲ್ಲಿ ಆಗಾಗ ಮರೆತುಹೋಗುತ್ತದೆ. ಈ ಉಪನ್ಯಾಸದ ತಕರಾರು ಅದರ ಬಗ್ಗೆ.

ತಾಮ್ರದ ಹೊಸ ಕೋಆರ್ಡಿನೇಷನ್ ಪಾಲಿಮರುಗಳ ಕುರಿತ ಪ್ರಬಂಧಗಳಿಗೆ ಒಂದು ಸಿದ್ಧ ಅಚ್ಚು ಇದೆ. ಮೊದಲು ಹರಳಿನ ರಚನೆ. ಆಮೇಲೆ 300 ಕೆಲ್ವಿನ್‌ನಿಂದ 2 ಕೆಲ್ವಿನ್‌ವರೆಗೆ ಕಾಂತಗುಣದ ಅಳತೆ. ಕೊನೆಗೆ ಯಾವುದಾದರೂ ಒಂದು ರಾಸಾಯನಿಕ ಕ್ರಿಯೆಯಲ್ಲಿ ಆ ಪುಡಿ ಕ್ರಿಯಾವರ್ಧಕವಾಗಿ ಎಷ್ಟು ಇಳುವರಿ ಕೊಟ್ಟಿತು ಎಂಬ ಕೋಷ್ಟಕ. ಕಾಂತಗುಣ, ಕ್ರಿಯಾವರ್ಧನೆ ಎರಡೂ ಒಂದೇ ಶೀರ್ಷಿಕೆಯಲ್ಲಿ ಕೂಡಿಬರುತ್ತವೆ, ಒಳಗೆ ಮಾತ್ರ ಒಂದರ ಮುಖವನ್ನು ಇನ್ನೊಂದು ನೋಡುವುದಿಲ್ಲ. ನನ್ನ ವಾದ ಇಷ್ಟು: ಈ ಎರಡು ಅಧ್ಯಾಯಗಳಲ್ಲಿ ಮೊದಲನೆಯದು ಸುಳ್ಳು ಹೇಳಿದರೆ ಸಿಕ್ಕಿಬೀಳುವಂಥ ಗಟ್ಟಿ ವಿಧಾನ, ಎರಡನೆಯದು ಹಲವು ಬಾರಿ ಹಾಗಲ್ಲ, ಆದ್ದರಿಂದ ಮೊದಲನೆಯದನ್ನು ಎರಡನೆಯದಕ್ಕೆ ಸಾಕ್ಷಿಯಾಗಿ ಕರೆಯಬೇಕು.

ಎರಡೂ ಗುಣಗಳ ಮೂಲ ಒಂದೇ. ಎರಡು ಧನ ಆವೇಶದ ತಾಮ್ರದ ಹೊರಗಿನ ಡಿ ಕಕ್ಷಕಗಳಲ್ಲಿ ಒಂಬತ್ತು ಎಲೆಕ್ಟ್ರಾನುಗಳಿವೆ. ಎಂಟು ಜೋಡಿಯಾಗಿ ಒಂದು ಉಳಿಯುತ್ತದೆ. ಆ ಒಂಟಿ ಎಲೆಕ್ಟ್ರಾನಿನ ಸ್ಪಿನ್ನೇ ತಾಮ್ರದ ಕಾಂತಗುಣ. ಅದೇ ಎಲೆಕ್ಟ್ರಾನಿನ ದೆಸೆಯಿಂದ ತಾಮ್ರದ ಸುತ್ತಲಿನ ಆರು ಬಂಧಗಳು ಸಮನಾಗಿ ಇರಲಾರವು. ಸಾಮಾನ್ಯವಾಗಿ ನಾಲ್ಕು ಗಿಡ್ಡ, ಎರಡು ಉದ್ದ. ಈ ಉದ್ದದ ಬಂಧಗಳು ಸಡಿಲ, ಅಲ್ಲಿರುವ ನೀರೋ ದ್ರಾವಕವೋ ಸುಲಭವಾಗಿ ಬಿಟ್ಟುಹೋಗುತ್ತದೆ, ಆ ಜಾಗಕ್ಕೆ ಕ್ರಿಯೆಗೊಳಗಾಗಬೇಕಾದ ಅಣು ಬಂದು ಕೂರುತ್ತದೆ. ಇನ್ನೊಂದು ಎಲೆಕ್ಟ್ರಾನು ಒಳಬಂದರೆ ತಾಮ್ರ ಒಂದು ಧನ ಆವೇಶದ ರೂಪಕ್ಕೆ ಇಳಿಯುತ್ತದೆ. ಹತ್ತೂ ಜೋಡಿಯಾಗಿ ಕಾಂತಗುಣ ಅಡಗುತ್ತದೆ. ಈ ಇಳಿ-ಏರುಗಳಿಂದಲೇ ತಾಮ್ರ ಉತ್ಕರ್ಷಣ ಕ್ರಿಯೆಗಳನ್ನು ನಡೆಸುತ್ತದೆ.

ಕಾಂತಗುಣದ ವಿಧಾನ ಗಟ್ಟಿ ಎಂದೆ. ಅದಕ್ಕೆ ತಾಮ್ರದ ಅಸಿಟೇಟಿಗಿಂತ ಒಳ್ಳೆಯ ಪುರಾವೆ ಇಲ್ಲ. ಒಂದು ಒಂಟಿ ಸ್ಪಿನ್ ಇರುವ ಲವಣವನ್ನು ತಣ್ಣಗೆ ಮಾಡುತ್ತ ಹೋದರೆ ಕಾಂತಕ್ಷೇತ್ರಕ್ಕೆ ಅದು ತೋರುವ ಸ್ಪಂದನ ಏರುತ್ತಲೇ ಹೋಗಬೇಕು. ತಾಮ್ರದ ಅಸಿಟೇಟಿನಲ್ಲಿ ಅದು ಸುಮಾರು 255 ಕೆಲ್ವಿನ್‌ವರೆಗೆ ಏರಿ, ಆಮೇಲೆ ಇಳಿದು, ಕಡಿಮೆ ತಾಪದಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಬರುತ್ತದೆ. ಕೋಣೆಯ ತಾಪದಲ್ಲೇ ಅದರ ಕಾಂತ ಮಹತ್ವ ಸುಮಾರು 1.4 ಬೋರ್ ಮ್ಯಾಗ್ನೆಟಾನ್. ಬಿಡಿ ತಾಮ್ರಕ್ಕೆ ಇರಬೇಕಾದದ್ದು ಸುಮಾರು 1.9. 1952ರಲ್ಲಿ ಬ್ಲೀನಿ ಮತ್ತು ಬೋವರ್ಸ್ ಎಲೆಕ್ಟ್ರಾನ್ ಸ್ಪಿನ್ ಅನುರಣನದ ಅಳತೆಗಳನ್ನು ಮುಂದಿಟ್ಟು, ಇಲ್ಲಿ ತಾಮ್ರಗಳು ಎರಡೆರಡಾಗಿ ಕೂಡಿವೆ, ಜೋಡಿಯ ಸ್ಪಿನ್ನುಗಳು ಒಂದಕ್ಕೊಂದು ವಿರುದ್ಧವಾಗಿ ನಿಲ್ಲುತ್ತವೆ ಎಂದು ವಾದಿಸಿದರು. ಅವರ ಕೈಯಲ್ಲಿ ಆಗ ಹರಳಿನ ರಚನೆ ಇರಲಿಲ್ಲ. ಮರುವರ್ಷ ವಾನ್ ನೀಕರ್ಕ್ ಮತ್ತು ಶೋನಿಂಗ್ ಎಕ್ಸ್-ಕಿರಣ ರಚನೆಯನ್ನು ಪ್ರಕಟಿಸಿದಾಗ ಜೋಡಿಗಳು ಅಲ್ಲಿದ್ದವು: ಎರಡು ತಾಮ್ರಗಳ ನಡುವೆ 2.64 ಆಂಗ್‌ಸ್ಟ್ರಾಮ್ ದೂರ, ಅವನ್ನು ಸುತ್ತಲಿನಿಂದ ಕಟ್ಟಿದ ನಾಲ್ಕು ಅಸಿಟೇಟುಗಳು, ಎರಡು ತುದಿಗೆ ಒಂದೊಂದು ನೀರು. ಕಣ್ಣಿಗೆ ಕಾಣುವ ಮೊದಲೇ ರಚನೆಯನ್ನು ಕಾಂತಗುಣ ಹೇಳಿಬಿಟ್ಟಿತ್ತು. ಎರಡು ತಾಮ್ರಗಳು ನೇರವಾಗಿ ಬಂಧ ಬೆಸೆದಿವೆಯೇ ಅಥವಾ ಅಸಿಟೇಟಿನ ಮೂಲಕ ಒಂದರ ಸ್ಪಿನ್ನು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತಿದೆಯೇ ಎಂಬ ಜಗಳ ಆಮೇಲೆ ಬಹುಕಾಲ ನಡೆಯಿತು. ಫಾರ್ಮೇಟಿನಿಂದ ಕಟ್ಟಿದ ಜೋಡಿಗಳಲ್ಲಿ ತಾಮ್ರಗಳು ಇನ್ನಷ್ಟು ಹತ್ತಿರ ಬಂದಿಲ್ಲ, ಆದರೂ ಸ್ಪಿನ್ನುಗಳ ಹಿಡಿತ ಹೆಚ್ಚು. ಸುದ್ದಿ ಹೋಗುವುದು ಸೇತುವೆಯ ಮೂಲಕವೇ ಎಂಬ ತೀರ್ಪು ಹೀಗೆ ನಿಂತಿತು.

ಸೇತುವೆಯ ಕೋನಕ್ಕೂ ಬೆಲೆಯಿದೆ. ಎರಡು ಹೈಡ್ರಾಕ್ಸೈಡುಗಳು ಸೇತುವೆಯಾದ ತಾಮ್ರದ ಜೋಡಿಗಳನ್ನು ಹ್ಯಾಟ್‌ಫೀಲ್ಡ್, ಹಾಡ್ಜ್‌ಸನ್ ಮತ್ತು ಸಂಗಡಿಗರು ಸಾಲಾಗಿ ಅಳೆದು 1976ರಲ್ಲಿ ಒಂದು ಸರಳರೇಖೆಯನ್ನು ಎಳೆದರು. ತಾಮ್ರ-ಆಕ್ಸಿಜನ್-ತಾಮ್ರ ಕೋನ 97.5 ಡಿಗ್ರಿಗಿಂತ ಹೆಚ್ಚಾದರೆ ಸ್ಪಿನ್ನುಗಳು ಎದುರುಬದುರು, ಕಡಿಮೆಯಾದರೆ ಒಂದೇ ದಿಕ್ಕಿಗೆ. 95.6 ಡಿಗ್ರಿಯ ಬೈಪಿರಿಡಿನ್ ನೈಟ್ರೇಟ್ ಸಂಯುಕ್ತದಲ್ಲಿ ಸ್ಪಿನ್ನುಗಳ ಹಿಡಿತವನ್ನು ಅಳೆಯುವ ಅನ್ಯೋನ್ಯ ಶಕ್ತಿ ಸೆಂಟಿಮೀಟರಿಗೆ ಧನ 172; 104.1 ಡಿಗ್ರಿಯ ಇನ್ನೊಂದರಲ್ಲಿ ಋಣ 509. ಎಂಟೂವರೆ ಡಿಗ್ರಿಯೊಳಗೆ ಇಷ್ಟು ಅಂತರ! ಅಜೈಡ್ ಸೇತುವೆಗಳಲ್ಲೂ ಇಂಥದ್ದೇ ಕಥೆ. ಅಜೈಡಿನ ಒಂದೇ ತುದಿ ಎರಡು ತಾಮ್ರಗಳನ್ನು ಹಿಡಿದರೆ ಸಾಮಾನ್ಯವಾಗಿ ಸ್ಪಿನ್ನುಗಳು ಒಂದೇ ದಿಕ್ಕು, ಎರಡು ತುದಿಗಳು ಒಂದೊಂದನ್ನು ಹಿಡಿದರೆ ಸಾಮಾನ್ಯವಾಗಿ ವಿರುದ್ಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾರ್ಥಸಾರಥಿ ಮುಖರ್ಜಿಯವರ ಗುಂಪು ಇಂಥ ತಾಮ್ರ-ಅಜೈಡ್ ಗೊಂಚಲುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಈ ಜೋಡಣೆಗಳಲ್ಲಿ ಆಕಸ್ಮಿಕಕ್ಕೆ ದೊಡ್ಡ ಪಾಲಿದೆ ಎಂದು ಅವರು 2013ರ ತಮ್ಮ ವಿಮರ್ಶಾ ಲೇಖನದ ತಲೆಬರಹದಲ್ಲೇ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ. ಸರಪಳಿಗಳಿಗೆ ಬಂದರೆ, ಪೈರಜೀನ್ ಸೇತುವೆಯ ತಾಮ್ರದ ನೈಟ್ರೇಟ್ ಭೌತವಿಜ್ಞಾನಿಗಳ ಅಚ್ಚುಮೆಚ್ಚು. ಅಕ್ಕಪಕ್ಕದ ಸ್ಪಿನ್ನುಗಳ ಹಿಡಿತ ಸುಮಾರು 10 ಕೆಲ್ವಿನ್‌ನಷ್ಟು, ಆದರೆ ಇಡೀ ಹರಳು ಕಾಂತೀಯವಾಗಿ ಕ್ರಮಗೊಳ್ಳಲು ಸುಮಾರು 0.1 ಕೆಲ್ವಿನ್‌ವರೆಗೆ ಇಳಿಯಬೇಕು. ಒಂದು ಆಯಾಮದ ಸರಪಳಿ ತಾನಾಗಿ ಕ್ರಮಕ್ಕೆ ಬರಲಾರದು ಎಂಬ ಸಿದ್ಧಾಂತಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ. ಇವೆಲ್ಲದರಿಂದ ನಾನು ಎತ್ತಿಕೊಳ್ಳುವುದು ಒಂದೇ ಅಂಶ: ಕಾಂತಗುಣದಲ್ಲಿ ಮಾದರಿ ಮೊದಲೇ ಸಮೀಕರಣ ಬರೆದು ಕೊಡುತ್ತದೆ, ಅಳತೆ ಅದಕ್ಕೆ ಕೂಡಿಬರದಿದ್ದರೆ ಮಾದರಿ ಬಿದ್ದಂತೆ.

ಇನ್ನು ಕ್ರಿಯಾವರ್ಧನೆ. 1999ರಲ್ಲಿ ಹಾಂಗ್‌ಕಾಂಗಿನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಇಯಾನ್ ವಿಲಿಯಮ್ಸ್ ಅವರ ಗುಂಪು ಪ್ರಕಟಿಸಿದ, ಆ ಸಂಸ್ಥೆಯ ಹೆಸರನ್ನೇ ಹೊತ್ತ ಎಚ್‌ಕೆಯುಎಸ್‌ಟಿ-1 ಇಲ್ಲಿ ನಾಯಕ. ತಾಮ್ರದ ಅಸಿಟೇಟಿನ ಅದೇ ಜೋಡಿಯನ್ನು ತೆಗೆದುಕೊಂಡು, ಅಸಿಟೇಟಿನ ಬದಲು ಮೂರು ಕಾರ್ಬಾಕ್ಸಿಲೇಟುಗಳಿರುವ ಬೆಂಜೀನ್ ಉಂಗುರವನ್ನು ಸೇತುವೆ ಮಾಡಿದರೆ ಜೋಡಿಗಳು ಮೂರೂ ದಿಕ್ಕಿಗೆ ಹೆಣೆದುಕೊಂಡು ಸುಮಾರು 9 ಆಂಗ್‌ಸ್ಟ್ರಾಮ್ ಅಗಲದ ಓಣಿಗಳಿರುವ ಹಂದರವಾಗುತ್ತದೆ. ತುದಿಯ ನೀರನ್ನು ಬಿಸಿಮಾಡಿ ನಿರ್ವಾತದಲ್ಲಿ ಎಳೆದುಹಾಕಿದರೆ ತಿಳಿನೀಲಿ ಪುಡಿ ಗಾಢ ನೇರಳೆಯಾಗುತ್ತದೆ. ತೆರೆದ ಗಾಳಿಯಲ್ಲಿಟ್ಟರೆ ತೇವ ಹೀರಿ ಮತ್ತೆ ನೀಲಿ. ನೇರಳೆ ಬಣ್ಣದಲ್ಲಿರುವಾಗ ಪ್ರತಿ ತಾಮ್ರಕ್ಕೂ ಒಂದು ಬರಿದಾದ ತುದಿ, ಎಲೆಕ್ಟ್ರಾನ್ ಜೋಡಿಯನ್ನು ಬೇಡುವ ಲೂಯಿಸ್ ಆಮ್ಲ. 2004ರಲ್ಲಿ ಶ್ಲಿಶ್ಟೆ, ಕ್ರಾಟ್ಸ್ಕೆ ಮತ್ತು ಕಾಸ್ಕೆಲ್ ಈ ಬರಿದಾದ ತುದಿಗಳಲ್ಲಿ ಬೆಂಜಾಲ್ಡಿಹೈಡಿಗೆ ಸಯನೋ-ಸಿಲೈಲ್ ಗುಂಪನ್ನು ಸೇರಿಸಿದರು. ಅವರ ಪ್ರಬಂಧದ ಬೆಲೆ ಇಳುವರಿಯಲ್ಲಿಲ್ಲ. ತಾಮ್ರವನ್ನು ತಾನೇ ಹಿಡಿದುಕೊಳ್ಳುವ ದ್ರಾವಕ ಬಳಸಿದರೆ ಕ್ರಿಯೆ ಅಡಗುತ್ತದೆ, 353 ಕೆಲ್ವಿನ್‌ಗೆ ಕಾಯಿಸಿದರೆ ಬೆಂಜಾಲ್ಡಿಹೈಡೇ ತಾಮ್ರವನ್ನು ಅಪಕರ್ಷಿಸಿ ಹಂದರವನ್ನು ಕೆಡವುತ್ತದೆ ಎಂದು ಅವರು ಮುಚ್ಚುಮರೆಯಿಲ್ಲದೆ ದಾಖಲಿಸಿದರು. ಕೆಲಸ ಮಾಡುವ ಜಾಗ ಯಾವುದು, ಕ್ರಿಯಾವರ್ಧಕ ಸಾಯುವುದು ಯಾವಾಗ, ಎರಡನ್ನೂ ಹೇಳಿದ ಪ್ರಬಂಧ ಅದು.

ಎಲ್ಲರೂ ಇಷ್ಟು ಎಚ್ಚರ ವಹಿಸುವುದಿಲ್ಲ. ಸೈಕ್ಲೋಹೆಕ್ಸೇನನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ಕೋಣೆಯ ತಾಪದಲ್ಲಿ ಉತ್ಕರ್ಷಿಸುವ ಕ್ರಿಯೆಯನ್ನು ನೋಡಿ. ನೈಲಾನ್ ಉದ್ಯಮಕ್ಕೆ ಬೇಕಾದ ಸೈಕ್ಲೋಹೆಕ್ಸನಾಲ್ ಮತ್ತು ಸೈಕ್ಲೋಹೆಕ್ಸನೋನ್ ಇದರಿಂದ ಸಿಗುತ್ತವೆ. ಕಾರ್ಖಾನೆಗಳಲ್ಲಿ ಹೆಚ್ಚಿನ ಒತ್ತಡ, ತಾಪಗಳಲ್ಲಿ ಗಾಳಿಯಿಂದ ಇದನ್ನು ಮಾಡುವಾಗ, ಅಡ್ಡ ಉತ್ಪನ್ನ ಬೆಳೆಯದಿರಲೆಂದು ಒಂದು ಸುತ್ತಿಗೆ ಅಲ್ಪ ಭಾಗವನ್ನಷ್ಟೇ ಮಾರ್ಪಡಿಸುತ್ತಾರೆ. ಹಾಗಾಗಿ ಮೃದುವಾದ ದಾರಿ ಸಿಕ್ಕರೆ ಲಾಭವಿದೆ. ಲಿಸ್ಬನ್ನಿನ ಪೊಂಬೈರೋ, ಕಿರಿಲೋವ್ ಮತ್ತು ಸಂಗಡಿಗರು 2005ರಲ್ಲಿ ಟ್ರೈಎಥನಾಲಮೀನ್ ಹಿಡಿದ ತಾಮ್ರದ ಸಂಯುಕ್ತಗಳು, ಅವುಗಳಲ್ಲಿ ಟೆರಿಫ್ತಾಲೇಟಿನಿಂದ ಹೆಣೆದ ಒಂದು ಪಾಲಿಮರ್, ಈ ಕ್ರಿಯೆಯನ್ನು ಚೆನ್ನಾಗಿ ನಡೆಸುತ್ತವೆ ಎಂದು ತೋರಿಸಿದರು. ಆದರೆ ಕ್ರಿಯೆಗೆ ಆಮ್ಲ ಬೇಕು. ಆಮ್ಲ, ಪೆರಾಕ್ಸೈಡು, ಅಸಿಟೋನೈಟ್ರೈಲ್ ಇರುವ ಪಾತ್ರೆಯಲ್ಲಿ ಪಾಲಿಮರಿನ ಸರಪಳಿ ಸರಪಳಿಯಾಗಿಯೇ ಉಳಿದೀತೆಂದು ನಂಬುವುದು ಕಷ್ಟ. ಅದು ಕ್ರಿಯಾವರ್ಧಕಕ್ಕೆ ಮೂಲವಸ್ತು ಎನ್ನುವುದು ಹೆಚ್ಚು ಸರಿ. ಮುಂದೆ ಇದೇ ದಾರಿ ಹಿಡಿದು ಬಂದ ಎಷ್ಟೋ ಪ್ರಬಂಧಗಳು ಪಾಲಿಮರಿನ ಚೆಂದದ ಚಿತ್ರವನ್ನು ಮೊದಲ ಪುಟದಲ್ಲಿ ಅಚ್ಚುಮಾಡಿ, ಇಳುವರಿಯನ್ನು ಅದರ ಲೆಕ್ಕಕ್ಕೆ ಬರೆದುಬಿಟ್ಟವು.

ಇದು ತಾಮ್ರಕ್ಕಷ್ಟೇ ಅಂಟಿದ ರೋಗವೇನಲ್ಲ. ದ್ರವದಲ್ಲಿ ನಡೆಯುವ ಉತ್ಕರ್ಷಣಗಳಿಗೆ ಘನ ಕ್ರಿಯಾವರ್ಧಕ ಎಂದು ಮುಂದಿಟ್ಟದ್ದರಲ್ಲಿ ಎಷ್ಟು ನಿಜವಾಗಿ ಘನ, ಎಷ್ಟು ಕರಗಿ ಸೋರಿದ ಲೋಹದ ಕೆಲಸ ಎಂಬ ಪ್ರಶ್ನೆಯನ್ನು ರೋಜರ್ ಶೆಲ್ಡನ್ ಮತ್ತು ಸಂಗಡಿಗರು 1998ರಲ್ಲೇ ಖಾರವಾಗಿ ಎತ್ತಿದ್ದರು. ಕ್ರಿಯೆ ಅರ್ಧ ನಡೆದಾಗ, ಪಾತ್ರೆ ಬಿಸಿಯಿರುವಾಗಲೇ, ಪುಡಿಯನ್ನು ಸೋಸಿ ತೆಗೆಯಿರಿ. ಸೋಸಿದ ದ್ರವದಲ್ಲಿ ಕ್ರಿಯೆ ಮುಂದುವರಿದರೆ ನಿಮ್ಮ ಘನ ಕ್ರಿಯಾವರ್ಧಕ ಘನವಲ್ಲ. ಈ ಪರೀಕ್ಷೆ ಇಂದು ಎಲ್ಲರಿಗೂ ಗೊತ್ತು, ಆದರೂ ತಣ್ಣಗಾದ ಮೇಲೆ ಸೋಸುವವರಿದ್ದಾರೆ. ತಣ್ಣಗಾದಾಗ ಕರಗಿದ ತಾಮ್ರ ಮತ್ತೆ ಪುಡಿಯ ಮೇಲೆ ಕೂತಿರುತ್ತದೆ, ಪರೀಕ್ಷೆ ಪಾಸಾಗುತ್ತದೆ. ವಿದ್ಯುತ್ ಕ್ರಿಯಾವರ್ಧನೆಯಲ್ಲಿ ವಿಷಯ ಇನ್ನೂ ನಿಚ್ಚಳ. 2018ರ ಒಂದು ಅಧ್ಯಯನ, ಕಾರ್ಬನ್ ಡೈಆಕ್ಸೈಡನ್ನು ಅಪಕರ್ಷಿಸುತ್ತಿರುವಾಗಲೇ ತಾಮ್ರದ ಸಂಯುಕ್ತಗಳನ್ನು ಎಕ್ಸ್-ಕಿರಣಗಳಿಂದ ಗಮನಿಸಿತು. ತಾಮ್ರದ ಥಾಲೊಸಯನಿನ್ ಸುಮಾರು 2 ನ್ಯಾನೋಮೀಟರಿನ ಲೋಹದ ಗೊಂಚಲುಗಳಾಗಿ ಮಾರ್ಪಟ್ಟು ಮೀಥೇನ್ ತಯಾರಿಸುತ್ತಿತ್ತು. ವೋಲ್ಟೇಜ್ ತೆಗೆದರೆ ಮತ್ತೆ ಹಳೆಯ ರೂಪ. ಅಂದರೆ ಕ್ರಿಯೆಗೆ ಮುಂಚೆ, ಕ್ರಿಯೆಯ ನಂತರ ನೋಡಿದವರಿಗೆ ಏನೂ ಆಗಿಲ್ಲ ಎಂದೇ ತೋರುತ್ತಿತ್ತು. ಅದೇ ಅಧ್ಯಯನದಲ್ಲಿ ಎಚ್‌ಕೆಯುಎಸ್‌ಟಿ-1ಕ್ಕೆ ಹಿಂತಿರುಗುವ ಭಾಗ್ಯವಿರಲಿಲ್ಲ.

ಇಲ್ಲಿ ಕಾಂತಮಾಪಕವನ್ನು ಸಾಕ್ಷಿಗೆ ಕರೆಯಬೇಕು ಎನ್ನುತ್ತೇನೆ. ಲೆಕ್ಕ ನೋಡಿ. ತಾಮ್ರದ ಜೋಡಿಗಳಿರುವ ಪಾಲಿಮರಿನಲ್ಲಿ ಕಡಿಮೆ ತಾಪದಲ್ಲಿ ಜೋಡಿಗಳೆಲ್ಲ ಮೂಕವಾಗುತ್ತವೆ. ಅವುಗಳಲ್ಲಿ ನೂರಕ್ಕೆ ಒಂದು ತಾಮ್ರ ಜೋಡಿ ಮುರಿದು ಒಂಟಿಯಾದರೆ, 2 ಕೆಲ್ವಿನ್‌ನಲ್ಲಿ ಆ ಒಂದು ಪಾಲಿನ ಸ್ಪಂದನ, ಅಸಿಟೇಟಿನಂಥ ಇಡೀ ಮಾದರಿ 255 ಕೆಲ್ವಿನ್‌ನಲ್ಲಿ ತೋರುವ ಗರಿಷ್ಠ ಸ್ಪಂದನದ ಎರಡು ಪಟ್ಟಿಗಿಂತ ಹೆಚ್ಚು. ಎಕ್ಸ್-ಕಿರಣ ಪುಡಿಚಿತ್ರದಲ್ಲಿ ಆ ಒಂದು ಪಾಲು ಕಾಣುವುದೇ ಇಲ್ಲ. ಪ್ರಬಂಧ ಬರೆಯುವವರು ವಕ್ರರೇಖೆಯ ತುದಿಯಲ್ಲಿ ಮೇಲೇಳುವ ಈ ಬಾಲವನ್ನು "ಪ್ಯಾರಾಮ್ಯಾಗ್ನೆಟಿಕ್ ಕಲ್ಮಶ" ಎಂದು ಒಂದು ಗುಣಾಂಕ ಕೊಟ್ಟು ಪಕ್ಕಕ್ಕೆ ಸರಿಸುತ್ತಾರೆ. ಕ್ರಿಯಾವರ್ಧನೆಯ ದೃಷ್ಟಿಯಿಂದ ನೋಡಿದರೆ ಅದೇ ವಕ್ರರೇಖೆಯ ಮುಖ್ಯ ಭಾಗ. ಎಚ್‌ಕೆಯುಎಸ್‌ಟಿ-1ರಲ್ಲೇ 2000ದಲ್ಲಿ ಅಳೆದವರಿಗೆ ಸ್ಪಂದನ ಸುಮಾರು 70 ಕೆಲ್ವಿನ್ ಬಳಿ ಕನಿಷ್ಠಕ್ಕಿಳಿದು ಮತ್ತೆ ಏರಿದ್ದು ಕಂಡಿತು. ಅವರು ಅದನ್ನು ಜೋಡಿ ಜೋಡಿಗಳ ನಡುವಿನ ದುರ್ಬಲ ಹಿಡಿತ ಎಂದು ಓದಿದರು. 2008ರಲ್ಲಿ ಪಾಪ್ಪಲ್ ಮತ್ತು ಸಂಗಡಿಗರು ಸ್ಪಿನ್ ಅನುರಣನದಿಂದ ನೋಡಿದಾಗ, ಹಂದರಕ್ಕೆ ಸೇರದೆ ಓಣಿಗಳಲ್ಲಿ ಕೂತ ಬಿಡಿ ತಾಮ್ರವೂ ಸಿಕ್ಕಿತು. ಕ್ರಿಯೆ ಶುರುವಾಗುವ ಮುಂಚೆಯೇ ಅಲ್ಲಿದ್ದ ಈ ಬಿಡಿ ತಾಮ್ರವನ್ನು ಲೆಕ್ಕಕ್ಕೆ ಹಿಡಿಯದೆ ಇಳುವರಿಯೆಲ್ಲ ಹಂದರದ್ದೇ ಎನ್ನುವುದು ಹೇಗೆ?

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು. ಕಾಂತಮಾಪಕ ಇಡೀ ಪುಡಿಯ ಸರಾಸರಿ ಹೇಳುತ್ತದೆ, ಕ್ರಿಯೆ ನಡೆಯುವುದು ಮೇಲ್ಮೈಯ ಕೆಲವೇ ಜಾಗಗಳಲ್ಲಿ. ಜೊತೆಗೆ ಅಳತೆ 2 ಕೆಲ್ವಿನ್‌ನಲ್ಲಿ, ಕ್ರಿಯೆ 350ರಲ್ಲಿ. ಒಪ್ಪುತ್ತೇನೆ. ದ್ರವಕ್ಕೆ ಸೋರಿಹೋದ ತಾಮ್ರವನ್ನು ಪುಡಿಯ ಕಾಂತಗುಣ ತೋರಿಸಲಾರದು, ಅದಕ್ಕೆ ಬಿಸಿ ಸೋಸುವಿಕೆಯೇ ಬೇಕು. ಥಾಲೊಸಯನಿನ್ ತರಹ ರೂಪ ಬದಲಿಸಿ ಮರಳುವ ವಸ್ತು ಎರಡೂ ಪರೀಕ್ಷೆಗಳ ಕಣ್ಣು ತಪ್ಪಿಸೀತು. ನಾನು ಕೇಳುತ್ತಿರುವುದು ಕಾಂತಗುಣವೊಂದರಿಂದಲೇ ತೀರ್ಪು ಕೊಡಿ ಎಂದಲ್ಲ. ಹೇಗೂ ಒಮ್ಮೆ ಅಳೆದು ಮುದ್ರಿಸಿದ್ದೀರಿ, ಕ್ರಿಯೆಯ ನಂತರ ಇನ್ನೊಮ್ಮೆ ಅಳೆದು ಬಾಲ ಬೆಳೆದಿದೆಯೇ ತಿಳಿಸಿ ಎಂದು. ಇನ್ನೊಂದು ಆಕ್ಷೇಪ ಒಂದು ಧನ ಆವೇಶದ ತಾಮ್ರದ್ದು: ಅದಕ್ಕೆ ಕಾಂತಗುಣವೇ ಇಲ್ಲ, ಅಜೈಡ್ ಮತ್ತು ಆಲ್ಕೈನ್ ಕೂಡಿಸುವ ಕ್ಲಿಕ್ ಕ್ರಿಯೆಯಲ್ಲಿ ಕೆಲಸ ಮಾಡುವುದು ಅದೇ. 2022ರ ನೊಬೆಲ್ ಪಡೆದ ಈ ಕ್ರಿಯೆಯನ್ನು ಎರಡು ಧನ ಆವೇಶದ ತಾಮ್ರದ ಹಂದರಗಳಿಂದಲೂ ಕೊರ್ಮಾ ಅವರ ಗುಂಪು 2010ರಲ್ಲಿ ನಡೆಸಿ ತೋರಿಸಿದೆ. ಆದರೆ ಮೌನವನ್ನೂ ಅಳೆಯಬಹುದಲ್ಲ. ಬಿಡಿ ತಾಮ್ರದ ಪಾಲಿಮರಿನಲ್ಲಿ ಮೋಲೊಂದಕ್ಕೆ ಬರಬೇಕಾದ ಸ್ಪಿನ್ನುಗಳಲ್ಲಿ ಎಷ್ಟು ಕಾಣೆಯಾದವೋ ಅಷ್ಟು ತಾಮ್ರ ಅಪಕರ್ಷಣಗೊಂಡಿದೆ ಎಂಬ ಲೆಕ್ಕ ನೇರವಾದದ್ದು. ಗಾಳಿ ತಾಗಿ ಅದು ಮತ್ತೆ ಉತ್ಕರ್ಷಣಗೊಳ್ಳುವ ಮುನ್ನ ಅಳೆಯಬೇಕು, ಅಷ್ಟೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಮೂರನೆಯ ಆಕ್ಷೇಪ, ಏಕೆಂದರೆ ಅದು ನನ್ನ ಪಕ್ಷದ ಉತ್ಸಾಹಿಗಳಿಂದಲೇ ಬರುತ್ತದೆ. ಸಾಕ್ಷಿ ಎಂದು ಏಕೆ ಕಡಿಮೆ ಮಾಡುತ್ತೀರಿ, ಸ್ಪಿನ್ನುಗಳ ಹಿಡಿತ ಬಲವಾದಷ್ಟೂ ಕ್ರಿಯಾವರ್ಧನೆಯೂ ಬಲವಾಗುತ್ತದೆ ಎಂಬ ಸೂತ್ರವೇ ಸಿಗಬಹುದಲ್ಲ, ತಾಮ್ರದ ಎಂಜೈಮುಗಳಲ್ಲಿ ಹಾಗಿಲ್ಲವೇ ಎಂದು. ಎಂಜೈಮುಗಳನ್ನೇ ನೋಡೋಣ. ಏಡಿ, ಬಸವನಹುಳುಗಳ ರಕ್ತದಲ್ಲಿ ಆಕ್ಸಿಜನ್ ಹೊರುವ ಹೀಮೋಸಯನಿನ್, ಹೆಚ್ಚಿದ ಬದನೆಕಾಯಿಯನ್ನು ಕಪ್ಪಾಗಿಸುವ ಬಗೆಯ ಉತ್ಕರ್ಷಣ ನಡೆಸುವ ಟೈರೊಸಿನೇಸ್, ಎರಡರಲ್ಲೂ ಒಂದೇ ಬಗೆಯ ತಾಮ್ರದ ಜೋಡಿ ಇದೆ. ಆಕ್ಸಿಜನ್ ಹಿಡಿದಾಗ ಎರಡರಲ್ಲೂ ಸ್ಪಿನ್ನುಗಳು ಬಲವಾಗಿ ಎದುರುಬದುರಾಗಿ ನಿಂತು ಅನುರಣನದಲ್ಲಿ ಏನೂ ಕಾಣಿಸುವುದಿಲ್ಲ. ಕಾಂತಗುಣದಲ್ಲಿ ಇವು ಅವಳಿಗಳು. ಆದರೂ ಒಂದು ಹಮಾಲಿ, ಇನ್ನೊಂದು ಕುಶಲಕರ್ಮಿ. ಭೇದವಿರುವುದು ಜೋಡಿಯಲ್ಲಲ್ಲ, ಅದರ ಬಳಿಗೆ ಉತ್ಕರ್ಷಣಗೊಳ್ಳಬೇಕಾದ ಫೀನಾಲಿನ ಅಣು ಬರಲು ದಾರಿಯಿದೆಯೇ ಎಂಬುದರಲ್ಲಿ. ಡಿಟರ್ಜೆಂಟ್ ಹಾಕಿ ಹೀಮೋಸಯನಿನ್ನಿನ ಪ್ರೋಟೀನನ್ನು ಸ್ವಲ್ಪ ಸಡಿಲಿಸಿದರೆ ಅದೂ ಉತ್ಕರ್ಷಣ ಶುರುಮಾಡುತ್ತದೆ. ಸ್ಪಿನ್ ಹಿಡಿತದ ಸಂಖ್ಯೆಯನ್ನು ಅಡ್ಡಗೆರೆಯಲ್ಲಿ, ಇಳುವರಿಯನ್ನು ಲಂಬಗೆರೆಯಲ್ಲಿ ಇಟ್ಟು ಐದಾರು ಬಿಂದುಗಳ ನಡುವೆ ಗೆರೆ ಎಳೆಯುವವರು ಈ ಅವಳಿಗಳನ್ನು ನೆನಪಿಟ್ಟುಕೊಳ್ಳಬೇಕು.

ಕೋಣೆಯ ತಾಪದಲ್ಲಿ ಕೆಲಸಕ್ಕೆ ಬಾರದ ಕಾಂತಗಳ ಮೇಲೆ ಇಷ್ಟೆಲ್ಲ ಶ್ರಮವೇಕೆ ಎನ್ನುವವರಿಗೆ ಉತ್ತರ ಚಿಕ್ಕದು: ಇವುಗಳಿಂದ ಯಾರೂ ಮೋಟಾರು ಮಾಡಲು ಹೊರಟಿಲ್ಲ. ಆದರೆ ದ್ರವ ಹೀಲಿಯಂ ಬೇಡುವ ಸ್ಕ್ವಿಡ್ ಕಾಂತಮಾಪಕ ನಮ್ಮ ಕಾಲೇಜುಗಳಿಗೆ ಎಲ್ಲಿಂದ ಬರಬೇಕು ಎಂಬ ಮಾತು ನ್ಯಾಯವಾದದ್ದು. ಕರ್ನಾಟಕದ ಬಹಳಷ್ಟು ಸ್ನಾತಕೋತ್ತರ ಪ್ರಯೋಗಾಲಯಗಳಲ್ಲಿ ಸಿಗುವುದು ಗಾಯ್ ತಕ್ಕಡಿ. ಪಾದರಸ ಮತ್ತು ಕೋಬಾಲ್ಟಿನ ನೀಲಿ ಥಯೋಸಯನೇಟ್ ತುಂಬಿ ಅದನ್ನು ಹದಕ್ಕೆ ತರುವುದು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಗೊತ್ತು. ಅದರಿಂದ ಎಷ್ಟು ಹೇಳಬಹುದು? ಜೋಡಿಗಳಲ್ಲಿ ನೂರಕ್ಕೆ ಹತ್ತು ಒಡೆದರೆ 1.4 ಇದ್ದ ಕಾಂತ ಮಹತ್ವ 1.46 ಆಗುತ್ತದೆ, ತಕ್ಕಡಿಯ ದೋಷದಲ್ಲೇ ಅದು ಮುಳುಗಿಹೋಗಬಹುದು. ಅರ್ಧದಷ್ಟು ಒಡೆದರೆ 1.67, ಅದು ಯಾವ ಗಾಯ್ ತಕ್ಕಡಿಗೂ ಕಾಣುತ್ತದೆ. ಸಣ್ಣ ಸೋರಿಕೆಯನ್ನು ಹಿಡಿಯಲಾಗದಿದ್ದರೂ ಕುಸಿದ ಹಂದರವನ್ನು ಹಂದರವೆಂದು ಮಾರುವುದನ್ನಾದರೂ ಅದು ತಡೆಯುತ್ತದೆ.

ಆದ್ದರಿಂದ ಮಾರ್ಗದರ್ಶಕರಲ್ಲಿ, ಪ್ರಬಂಧ ಪರೀಕ್ಷಕರಲ್ಲಿ, ಇಲ್ಲಿ ಕುಳಿತಿರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇದು. ಕ್ರಿಯೆ ಮುಗಿದ ಮೇಲೆ ಸೋಸು ಕಾಗದದ ಮೇಲೆ ಉಳಿದ ಪುಡಿಯನ್ನು ಎಸೆಯಬೇಡಿ. ತೊಳೆದು, ಒಣಗಿಸಿ, ಮೊದಲು ಅಳೆದ ಅದೇ ಉಪಕರಣದಲ್ಲಿ ಮತ್ತೆ ಅಳೆಯಿರಿ. ಎರಡು ವಕ್ರರೇಖೆಗಳನ್ನೂ ಒಂದೇ ಚಿತ್ರದಲ್ಲಿ ಮುದ್ರಿಸಿ; ಅವು ಒಂದರ ಮೇಲೊಂದು ಕೂರದಿದ್ದರೆ, ಆಗಂತೂ ತಪ್ಪದೆ ಮುದ್ರಿಸಿ.